ಜಾತ್ರೆಯ ಬಸ್ಸು, ಕಾಡಿನ ಕಾವಲು
(ಉಡಿಗಾಲದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸೀಮೆಯ ದೊಡ್ಡ ದೇವರುಗಳು ಕಾಡಿನಲ್ಲಿಯೇ ನೆಲೆಸಿದ್ದಾರೆ. ಶಿವರಾತ್ರಿಗೂ ಯುಗಾದಿಗೂ ಮಲೆ ಮಹದೇಶ್ವರ ಬೆಟ್ಟಕ್ಕೆ ಜನಸಾಗರವೇ ಹರಿಯುತ್ತದೆ. ಅದು ಹುಲ್ಲು ಒಣಗಿ ಕಿಡಿಯೊಂದಕ್ಕೆ ಕಾದಿರುವ ಕಾಲವೂ ಹೌದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದುದನ್ನು ನಾವು ಮರೆತಿಲ್ಲ.

ಐದು ಸಾವಿರ ಭಕ್ತರು ಬೈಕುಗಳಲ್ಲಿ ಇಬ್ಬಿಬ್ಬರಂತೆ ಹೊರಟರೆ 2,500 ವಾಹನಗಳಾಗುತ್ತವೆ. ಐವತ್ತು ಆಸನಗಳ ಬಸ್ಸಾದರೆ 100 ಟ್ರಿಪ್ಪು ಸಾಕು. ಬೈಕು ಕಾಡಿನ ನಡುವೆ ಎಲ್ಲೆಂದರಲ್ಲಿ ನಿಲ್ಲುತ್ತದೆ, ಬಸ್ಸು ಹಾಗಲ್ಲ.

ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಈ ದಾರಿ ಈಗಾಗಲೇ ತೆರೆದಿದೆ. ಅಲ್ಲಿ ಖಾಸಗಿ ವಾಹನಗಳು ತಪ್ಪಲಿನಲ್ಲಿಯೇ ನಿಲ್ಲುತ್ತವೆ. ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸೇ ಹೋಗುತ್ತದೆ. ಕ್ರಮವೇನೋ ಸರಿ. ಆದರೆ ಊರಿನಿಂದ ತಪ್ಪಲಿಗೆ ಬಸ್ಸಿಲ್ಲದಿದ್ದರೆ ಬೈಕುಳ್ಳವನು ಹೇಗೋ ತಲುಪುತ್ತಾನೆ. ಇಲ್ಲದ ಮುದುಕಿ ಮನೆಯಿಂದಲೇ ಕೈಮುಗಿಯುತ್ತಾಳೆ. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಮುಟ್ಟಿಸದ ಬಸ್ಸು ರೈತನಿಗೆ ಇದ್ದೂ ಇಲ್ಲದಂತೆ.

ಆದುದರಿಂದ ಎಷ್ಟು ಜನ, ಯಾವ ಹೊತ್ತಿಗೆ ಹೊರಡುತ್ತಾರೆ, ಯಾವಾಗ ಮರಳಬೇಕು ಎಂಬುದನ್ನು ಜಾತ್ರೆಗೆ ತಿಂಗಳ ಮೊದಲೇ ಪ್ರತಿ ಗ್ರಾಮಸಭೆಯೂ ಬರೆದು ಡಿಪೋಗೆ ತಲುಪಿಸಲಿ. ವಾಹನ ನಿಷೇಧದ ಆದೇಶದೊಡನೆಯೇ ಊರೂರಿನ ಬಸ್ಸಿನ ವೇಳಾಪಟ್ಟಿಯೂ ಹೊರಬೀಳಲಿ. ಅದಿಲ್ಲದ ನಿಷೇಧವು ಬಡವರಿಗೆ ವಿಧಿಸಿದ ದಂಡವಾಗುತ್ತದೆ. ದಂಡ ತೆತ್ತವರು ಕಾಡನ್ನು ತಮ್ಮದೆಂದು ಕಾಯಲಾರರು.