ಹಾರುವ ಓತಿಯೂ ಎಣ್ಣೆಯ ಲೆಕ್ಕವೂ

(ಶಿರೂರಿನಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



ವಿಚಿತ್ರ ಕಾದಂಬರಿಗಳ ವಿಷಯ ಮಾತನಾಡುತ್ತೇನೆಂದು ತಿಳಿದ ಗಿರಣಿಯ ಮಿತ್ರರೊಬ್ಬರು ನನ್ನನ್ನು ದಾರಿಯಲ್ಲೇ ತಡೆದು, “ಮಾಷ್ಟ್ರೇ, ಓತಿ ಹಾರಿರೆ ನಮ್ ಕೂಲಿ ಜಾಸ್ತಿ ಆತ್ತಾ?” ಎಂದು ಕೇಳಿದರು. ಆಗುವುದಿಲ್ಲ ಎಂದೆ. ಆದರೆ ನಡೆದಾಡುವ ಗಿಡ, ಬೇರೆ ಗ್ರಹದ ಕಳೆ, ಹಾರುವ ಪ್ರಾಣಿ ಎಂದರೆ ಬರೇ ಮಕ್ಕಳ ಕಟ್ಟುಕಥೆಯೆಂದು ತಳ್ಳಿಬಿಡಬೇಡಿರಿ. ಕೂಲಿಯ ಲೆಕ್ಕ ಅವುಗಳಲ್ಲಿಯೂ ಇದೆ.

ಇಂಗ್ಲೆಂಡಿನ ಜಾನ್ ವಿಂಡಮ್ ಎಂಬವರು 1951ರಲ್ಲಿ ‘ದಿ ಡೇ ಆಫ್ ದಿ ಟ್ರಿಫಿಡ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಟ್ರಿಫಿಡ್ ಎಂದರೆ ಆಳೆತ್ತರಕ್ಕೂ ಮೀರಿ ಬೆಳೆದು, ಮೂರು ಬುಡಗಳ ಮೇಲೆ ಕುಂಟುತ್ತ ನಡೆಯುವ ಗಿಡ. ತಲೆಯಲ್ಲಿ ಸುರುಳಿ ಸುತ್ತಿದ ಚಾವಟಿಯೊಂದಿದೆ; ಅದರ ವಿಷ ತಗಲಿದವನು ಸಾಯುತ್ತಾನೆ. ಇಂಥದನ್ನು ಯಾರಾದರೂ ಸಾಕುತ್ತಾರೆಯೇ? ಸಾಕುತ್ತಾರೆ. ಅದರಿಂದ ಬೆಲೆಬಾಳುವ ಎಣ್ಣೆ ಬರುತ್ತದೆ. ಚಾವಟಿಯನ್ನು ಕತ್ತರಿಸಿದರೆ ಅಪಾಯವಿಲ್ಲ, ಆದರೆ ಎಣ್ಣೆಯ ಗುಣ ಇಳಿಯುತ್ತದೆ. ಆದುದರಿಂದ ಕಂಪೆನಿಯ ತೋಟದಲ್ಲಿ ಚಾವಟಿಯನ್ನು ಹಾಗೇ ಉಳಿಸಿ, ಕೆಲಸದವನ ಕೈಗೆ ಒಂದು ಮುಖವಾಡ ಕೊಟ್ಟಿದ್ದಾರೆ. ಕಥೆ ಹೇಳುವವನೇ ಆ ತೋಟದಲ್ಲಿ ಕೆಲಸ ಮಾಡುವವನು. ವಿಷ ಸಿಡಿದು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಆ ರಾತ್ರಿ ಆಕಾಶದಲ್ಲಿ ಹಸಿರು ಬೆಳಕು ಸುರಿದು, ನೋಡಿದವರೆಲ್ಲ ಕುರುಡರಾಗುತ್ತಾರೆ. ಗಿಡಗಳು ಬೇಲಿ ದಾಟಿ ಹೊರಬರುತ್ತವೆ. ಓದಿದವರು ಗಿಡವನ್ನು ನೆನಪಿಡುತ್ತಾರೆ. ನನಗೆ ನೆನಪಿರುವುದು ಚಾವಟಿ ಕತ್ತರಿಸದ ಆ ಲೆಕ್ಕ. ಬೆಲ್ಟಿಗೆ ತಡೆಬೇಲಿ ಇಲ್ಲದ ಗಿರಣಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೂ ಹಿಂದೆ, 1898ರಲ್ಲಿ, ಎಚ್. ಜಿ. ವೆಲ್ಸರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕವಾಗಿ ಬಂತು. ಮಂಗಳಗ್ರಹದವರು ದಂಡೆತ್ತಿ ಬರುತ್ತಾರೆ, ಅವರೊಂದಿಗೆ ಒಂದು ಕೆಂಪು ಕಳೆಯೂ ಬಂದು ಥೇಮ್ಸ್ ನದಿಯ ನೀರನ್ನೇ ಕಟ್ಟುತ್ತದೆ. ವೆಲ್ಸರು ಸಮಾಜವಾದಿ, ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯೂರೋಪಿನವರು ಮಾಡಿದ್ದನ್ನು ಮೊದಲ ಅಧ್ಯಾಯದಲ್ಲೇ ಜ್ಞಾಪಿಸುತ್ತಾರೆ. ನಮ್ಮ ಕರಾವಳಿಯ ಗುಡ್ಡಗಳ ಮೇಲೆ ಆಸ್ಟ್ರೇಲಿಯಾ ಕಡೆಯ ಅಕೇಶಿಯಾ ಸಾಲುಗಟ್ಟಿ ನಿಂತಿದೆ. ಅದು ಮಂಗಳಗ್ರಹದಿಂದ ಬಂದದ್ದಲ್ಲ, ಸರಕಾರವೇ ನೆಡಿಸಿದ್ದು.

ಇನ್ನು ನಮ್ಮ ಕನ್ನಡದ ಪುಸ್ತಕಕ್ಕೆ ಬರುತ್ತೇನೆ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಲೋಹಿಯಾ ವಿಚಾರದ ಪ್ರಭಾವ ತಮ್ಮ ಮೇಲಾದದ್ದನ್ನು ಅವರೇ ಬರೆದುಕೊಂಡಿದ್ದಾರೆ. ಕಥೆಗೆ ಮೊದಲು ಮೂಡಿಗೆರೆಯ ಜೇನು ಸೊಸೈಟಿ. ಅಲ್ಲಿಗೆ ಬರುವ ಮಂದಣ್ಣನನ್ನು ಊರಿನವರು ಯಾವ ಕೆಲಸಕ್ಕೂ ಬಾರದವನೆಂದು ಎಣಿಸಿದ್ದಾರೆ. ಆದರೆ ಕರ್ವಾಲೊ ಎಂಬ ವಿಜ್ಞಾನಿ ಅವನನ್ನು ತನ್ನ ಸರಿಸಮಾನನಾದ ನಿಸರ್ಗತಜ್ಞನೆಂದು ಕಾಣುತ್ತಾರೆ. ಕೋಟ್ಯಂತರ ವರ್ಷಗಳ ಹಿಂದಿನ ಕಾಲಕ್ಕೆ ಸೇರಿದ ಹಾರುವ ಓತಿಯೊಂದನ್ನು ಅರಸಿ ಒಂದು ತಂಡ ಘಟ್ಟದ ಕಾಡಿಗೆ ಹೊರಡುತ್ತದೆ: ವಿಜ್ಞಾನಿ, ಮಂದಣ್ಣ, ತೋಟದ ಆಳು ಪ್ಯಾರ, ಬಿರಿಯಾನಿ ಕರಿಯಪ್ಪ, ಕ್ಯಾಮರಾ ಹಿಡಿದ ಪ್ರಭಾಕರ, ಕಿವಿ ಎಂಬ ನಾಯಿ. ದೊಡ್ಡ ಡಿಗ್ರಿಯವನೂ ಅಕ್ಷರ ಬಾರದವನೂ ಒಂದೇ ಬೆಂಕಿಯ ಸುತ್ತ ಕುಳಿತು ಉಣ್ಣುತ್ತಾರೆ. ಕೊನೆಗೆ ಓತಿ ಕಾಣುತ್ತದೆ. ಕೈಗೆ ಸಿಕ್ಕದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ.

ಇದನ್ನೋದುವಾಗ ನನಗೆ ನಾಚಿಕೆಯಾಯಿತು. ಚಿಕ್ಕ ಜಾತಿಯ ಹಾರುವ ಓತಿ ನಮ್ಮ ತೆಂಗು, ಕಂಗಿನ ತೋಟಗಳಲ್ಲೇ ಇದೆ. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ಚರ್ಮವನ್ನು ರೆಕ್ಕೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಇರುವೆ ತಿಂದು ಬದುಕುತ್ತದೆ. ನಾನು ಮಾಷ್ಟ್ರಾಗಿದ್ದಾಗ ಮೀನುಗಾರರ ಮನೆಯ ಹುಡುಗನೊಬ್ಬ ಅದನ್ನು ಕಂಡು ಕ್ಲಾಸಿಗೆ ಓಡಿಬಂದು ಹೇಳಿದ. “ಅದು ಪರೀಕ್ಷೆಗೆ ಬರುವುದಿಲ್ಲ, ಕೂತು ಮಗ್ಗಿ ಬರಿ” ಎಂದುಬಿಟ್ಟೆ. ಅವನು ಮತ್ತೆ ಏನನ್ನೂ ಹೇಳಲು ಬರಲಿಲ್ಲ. ನನ್ನ ಕ್ಲಾಸಿನ ಮಂದಣ್ಣನನ್ನು ನಾನೇ ಬಾಯಿ ಮುಚ್ಚಿಸಿ ಕೂರಿಸಿದ್ದೆ.

ಒಬ್ಬ ಮಾಷ್ಟ್ರು ಹೀಗೆ ಮಾಡಿದರೆ ಒಬ್ಬ ಹುಡುಗ ಸುಮ್ಮನಾಗುತ್ತಾನೆ. ರಸ್ತೆ ಮಾಡಿಸುವವರು ಮಾಡಿದರೆ ಏನಾಗುತ್ತದೆ? 2024ರ ಜುಲೈ 16ರಂದು ‘ಶಿರೂರಿನಲ್ಲಿ ಗುಡ್ಡ ಕುಸಿಯಿತು’ ಎಂಬ ಸುದ್ದಿ ಬಂತು. ಅದು ನಮ್ಮ ಶಿರೂರಲ್ಲ, ಅಂಕೋಲೆಯ ಶಿರೂರು; ಆದರೆ ಹೆದ್ದಾರಿ ಒಂದೇ, ಮಳೆಯೂ ಒಂದೇ. ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿ, ಬುಡದಲ್ಲಿದ್ದ ಚಹಾದ ಅಂಗಡಿಯನ್ನು ಮನೆಮಂದಿ ಸಮೇತ ಗಂಗಾವಳಿ ಹೊಳೆಗೆ ನೂಕಿತು. ಎದುರು ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಒಂದು ಲಾರಿಯನ್ನು, ಅದರೊಳಗಿದ್ದ ಚಾಲಕನ ಶವವನ್ನು, ಹೊಳೆಯಿಂದ ಎತ್ತುವಾಗ ಎರಡು ತಿಂಗಳು ದಾಟಿತ್ತು.

ಗುಡ್ಡವನ್ನು ಎಷ್ಟು ಓರೆಯಾಗಿ ಕಡಿಯಬೇಕು, ಒರತೆಯ ನೀರು ಎಲ್ಲಿ ಹರಿಯಬೇಕು ಎಂಬುದಕ್ಕೆ ಶಾಸ್ತ್ರವಿದೆ. ಓರೆ ಹೆಚ್ಚಾದರೆ ಜಾಗ ಹೆಚ್ಚು ಬೇಕು, ಹಣವೂ ಹೆಚ್ಚು ಬೇಕು. ವಿಂಡಮರ ಚಾವಟಿಯ ಲೆಕ್ಕ ಇಲ್ಲಿಯೂ ಬಂತು. ಇನ್ನು, ಯಾವ ಮಳೆಗೆ ಗುಡ್ಡದ ಯಾವ ಮಗ್ಗುಲಲ್ಲಿ ನೀರು ಒಸರುತ್ತದೆಂದು ಅದರ ಬುಡದಲ್ಲಿ ಅಂಗಡಿಯಿಟ್ಟವನಿಗೆ ಗೊತ್ತಿರುತ್ತದೆ. ಅವನನ್ನು ಕೂರಿಸಿ ಕೇಳಿ, ಹೇಳಿದ್ದನ್ನು ಬರೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಹೆದ್ದಾರಿ ಬದಿಯಲ್ಲಿ ಅಂಗಡಿ ಇಟ್ಟವರು ಈ ಸಭೆಯಲ್ಲಿಯೂ ಇದ್ದೀರಿ. ನಿಮ್ಮ ಹಿಂದಿನ ಗುಡ್ಡದಲ್ಲಿ ಕಳೆದ ಮಳೆಗಾಲ ಏನೇನು ಕಂಡಿರೆಂದು, ಸಭೆ ಮುಗಿದ ಮೇಲೆ ನನ್ನ ಪುಸ್ತಕದಲ್ಲಿ ಬರೆಸಿ ಹೋಗಿರಿ. ತಾಲೂಕು ಕಚೇರಿಗೆ ಒಯ್ಯುವುದಕ್ಕೆ ಕಾಗದ ಬೇಕು.

‘ಕರ್ವಾಲೊ’ದ ಒಂದು ಪ್ರತಿ ನನ್ನ ಚೀಲದಲ್ಲಿದೆ. ರಾತ್ರಿ ಪಾಳಿಯವರು ಮೊದಲು ಓದಲಿ. ಕಣ್ಣು ಮಂಜಾದ ಹಿರಿಯರಿಗೆ ಭಾನುವಾರ ಸಂಜೆ ನಾನೇ ಓದಿ ಹೇಳುತ್ತೇನೆ.