ಪಾದಚಾರಿ ಮಾರ್ಗ ಯಾರ ಆಸ್ತಿ?



ನಗರದಲ್ಲಿ ಒಡೆಯನೇ ಇಲ್ಲದ ಆಸ್ತಿಯೆಂದು ಜನರು ಭಾವಿಸಿರುವುದು ಯಾವುದಾದರೂ ಇದ್ದರೆ ಅದು ಪಾದಚಾರಿ ಮಾರ್ಗ. ಅಂಗಡಿಯವರು ಅದರ ಮೇಲೆ ಮೆಟ್ಟಿಲು ಕಟ್ಟುತ್ತಾರೆ. ವಸತಿ ಸಂಕೀರ್ಣದವರು ಕಾರಿಗಾಗಿ ಇಳಿಜಾರು ಹಾಕುತ್ತಾರೆ. ಜನರೇಟರು, ದ್ವಿಚಕ್ರ ವಾಹನ, ಪಕ್ಷಗಳ ಫಲಕ, ಎಲ್ಲಕ್ಕೂ ಅಲ್ಲಿ ಸ್ಥಳವುಂಟು. ನಡೆಯುವವರಿಗೆ ಮಾತ್ರ ಇಲ್ಲ.

ಆದರೆ ಆ ಆಸ್ತಿಗೆ ಒಡೆಯರಿದ್ದಾರೆ. ಮುಂಬಯಿಯಲ್ಲಿ 1888ರ ಮಹಾನಗರಪಾಲಿಕೆ ಅಧಿನಿಯಮವು ಸಾರ್ವಜನಿಕ ಬೀದಿಗಳನ್ನು ಪಾಲಿಕೆಗೆ ವಹಿಸಿದೆ. ಪಾಲಿಕೆಯು ಅವನ್ನು ಜನರ ಪರವಾಗಿ ಕಾಯುವ ಧರ್ಮದರ್ಶಿಯೇ ಹೊರತು ಮನಬಂದಂತೆ ಹಂಚುವ ಜಹಗೀರುದಾರನಲ್ಲ.

ಈ ವಿಷಯದಲ್ಲಿ ಮೊದಲು ನೆನಪಾಗುವುದು 1985ರ ಓಲ್ಗಾ ಟೆಲಿಸ್ ಪ್ರಕರಣ. ಮುಂಬಯಿಯ ಕಾಲುದಾರಿಗಳಲ್ಲಿ ವಾಸಿಸುತ್ತಿದ್ದ ಬಡವರನ್ನು ಎಬ್ಬಿಸುವ ಸರಕಾರದ ಕ್ರಮವು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ಮುಂದೆ ಬಂದಿತ್ತು. ಜೀವನೋಪಾಯದ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಪೀಠವು ಸಾರಿತು. ಅದೇ ತೀರ್ಪಿನಲ್ಲಿ, ಪಾದಚಾರಿ ಮಾರ್ಗವು ಸಾರ್ವಜನಿಕರ ಸಂಚಾರಕ್ಕೆಂದೇ ಇರುವ ಆಸ್ತಿ, ಅದನ್ನು ಖಾಸಗಿ ಉದ್ದೇಶಕ್ಕೆ ಬಳಸುವ ಹಕ್ಕು ಯಾರಿಗೂ ಇಲ್ಲ ಎಂದೂ ಹೇಳಿತು. ತೆರವುಗೊಳಿಸುವ ಮುನ್ನ ಸಾಮಾನ್ಯವಾಗಿ ನೋಟಿಸು ಕೊಟ್ಟು ಅಹವಾಲು ಕೇಳಬೇಕೆಂಬುದು ಅದರ ಇನ್ನೊಂದು ಅಂಶ. ಒಂದು ಪಕ್ಷದವರು ತೀರ್ಪಿನ ಮೊದಲರ್ಧವನ್ನೂ ಇನ್ನೊಂದು ಪಕ್ಷದವರು ಎರಡನೆಯ ಅರ್ಧವನ್ನೂ ಹಿಡಿದು ವಾದಿಸುತ್ತಾರೆ. ಪೂರ್ಣ ತೀರ್ಪು ಯಾರಿಗೂ ಬೇಡವಾಗಿದೆ.

ಮುಂದೆ 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಬೀದಿ ವ್ಯಾಪಾರವೂ ಮೂಲಭೂತ ಹಕ್ಕಿನ ವ್ಯಾಪ್ತಿಗೆ ಬರುವುದೆಂದು ನ್ಯಾಯಾಲಯವು ಒಪ್ಪಿತು. ಯುಕ್ತ ನಿರ್ಬಂಧಗಳನ್ನು ಹಾಕಲು ಅವಕಾಶವನ್ನೂ ಇಟ್ಟಿತು. 2014ರಲ್ಲಿ ಬೀದಿ ವ್ಯಾಪಾರಿಗಳ ಅಧಿನಿಯಮ ಬಂದಿತು. ಸಮೀಕ್ಷೆ, ಪ್ರಮಾಣಪತ್ರ, ನಿಗದಿತ ವ್ಯಾಪಾರ ವಲಯ, ಪಟ್ಟಣ ವ್ಯಾಪಾರ ಸಮಿತಿ, ಆ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳು, ಇವೆಲ್ಲ ಅದರಲ್ಲಿವೆ. ಅಂದರೆ ತರಕಾರಿ ಮಾರುವ ಹೆಣ್ಣುಮಗಳ ಬುಟ್ಟಿಗೆ ಕಾನೂನಿನಲ್ಲಿ ಒಂದು ನೆಲೆಯಿದೆ. ಆಭರಣದಂಗಡಿಯ ಗ್ರಾನೈಟ್ ಮೆಟ್ಟಿಲಿಗೆ ಇಲ್ಲ. ಆದರೂ ಪಾಲಿಕೆಯ ಲಾರಿ ಬಂದಾಗ ಮೊದಲು ಎತ್ತಲ್ಪಡುವುದು ಬುಟ್ಟಿ.

ಇಲ್ಲಿ ಒಂದು ಸರಳ ಲೆಕ್ಕವನ್ನು ಮಾಡಬಹುದು. ನಾಲ್ಕು ಮೀಟರ್ ಅಗಲದ ಅಂಗಡಿಯೊಂದು ಒಂದೂವರೆ ಮೀಟರ್ ಮುಂದಕ್ಕೆ ಚಾಚಿಕೊಂಡರೆ ಆರು ಚದರ ಮೀಟರ್, ಅಂದರೆ ಸುಮಾರು 65 ಚದರ ಅಡಿ ಜಾಗ ಅದರ ವಶವಾಗುತ್ತದೆ. ದಾದರ್ ಅಥವಾ ಮಾಟುಂಗಾದಲ್ಲಿ ಅಷ್ಟು ಜಾಗಕ್ಕೆ ಬಾಡಿಗೆಯೆಷ್ಟೆಂದು ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ. ಆ ಬಾಡಿಗೆ ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಕಾಣಿಸುವುದಿಲ್ಲ. ಅದನ್ನು ಪಾವತಿ ಮಾಡುವವರು ಬೇರೆ: ರಸ್ತೆಗಿಳಿದು ಬಸ್ಸಿನ ಪಕ್ಕದಲ್ಲಿ ನಡೆಯುವ ವೃದ್ಧರು, ಶಾಲೆಯ ಮಕ್ಕಳು, ಗಾಲಿಕುರ್ಚಿಯವರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯು ನಡೆಯಲು ಕನಿಷ್ಠ 1.8 ಮೀಟರ್ ಅಗಲದ ಅಡೆತಡೆಯಿಲ್ಲದ ಜಾಗವಿರಬೇಕೆನ್ನುತ್ತದೆ. ಅಡೆತಡೆಯಿಲ್ಲದ ಪಾದಚಾರಿ ಮಾರ್ಗವು 21ನೆಯ ಅನುಚ್ಛೇದದ ಹಕ್ಕೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ.

ಕೊಡದುದನ್ನು ತೆಗೆದುಕೊಳ್ಳುವುದು ಅಚೌರ್ಯಾಣುವ್ರತಕ್ಕೆ ಭಂಗವೆಂದು ಜೈನ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಪಾಲಿಕೆ ಕೊಡದ, ಜನರು ಕೊಡದ 65 ಚದರ ಅಡಿ ಈ ವ್ರತದ ಹೊರಗೆ ಉಳಿಯುವುದು ಹೇಗೆ? ಈರ್ಯಾಸಮಿತಿಯ ಮಾತೂ ಇಲ್ಲಿ ಬರುತ್ತದೆ. ಜೀವಹಿಂಸೆಯಾಗದಂತೆ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವುದು ಮುನಿಗಳ ಹಾಗೂ ಆರ್ಯಿಕೆಯರ ನಿಯಮ. ಬರಿಗಾಲಿನಲ್ಲಿ ವಿಹಾರ ಮಾಡುವ ಅವರನ್ನು ವಾಹನಗಳ ನಡುವೆ ನಡೆಯುವಂತೆ ಮಾಡಿ, ಅವರ ಪುರಪ್ರವೇಶಕ್ಕೆ ಅದೇ ಕಾಲುದಾರಿಯಲ್ಲಿ ಸ್ವಾಗತ ಕಮಾನು ನಿಲ್ಲಿಸುವುದು ಎಂಥ ಭಕ್ತಿ? ಸಾರ್ವಜನಿಕ ಬೀದಿಗಳಲ್ಲಿ, ಉದ್ಯಾನಗಳಲ್ಲಿ ಹೊಸ ಪೂಜಾಸ್ಥಳಗಳನ್ನು ಕಟ್ಟಲು ಬಿಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿಯೇ ಆದೇಶಿಸಿದೆ. ಅದರ ಆಶಯವು ಎಲ್ಲ ಮತದವರಿಗೂ ಒಂದೇ.

ಬದಲಾವಣೆ ಅಸಾಧ್ಯವೇನಲ್ಲ. ಪುಣೆ ಪಾಲಿಕೆಯು 2016ರಲ್ಲಿ ಪಾದಚಾರಿ ನೀತಿಯನ್ನು ಅಂಗೀಕರಿಸಿತು. ಡಿಸೆಂಬರ್ 11ರಂದು ಲಕ್ಷ್ಮೀ ರಸ್ತೆಯಲ್ಲಿ ಪಾದಚಾರಿ ದಿನವನ್ನು ಆಚರಿಸುತ್ತ ಬಂದಿದೆ. ಚೆನ್ನೈಯ ಪಾಂಡಿ ಬಜಾರಿನಲ್ಲಿ 2019ರಲ್ಲಿ ವಿಶಾಲವಾದ ಕಾಲುದಾರಿಗಳು ತೆರೆದುಕೊಂಡವು. ಆದರೆ ಪಾಲಿಕೆ ಕಟ್ಟಿದುದನ್ನು ಉಳಿಸಿಕೊಳ್ಳುವವರು ಅಕ್ಕಪಕ್ಕದ ನಿವಾಸಿಗಳೇ.

ಆದುದರಿಂದ ಈ ಸಭೆಯ ಪರಿಶೀಲನೆಗೆ ಮೂರು ಕಾರ್ಯಗಳು. ಮೊದಲನೆಯದು, ಪ್ರತಿ ಬಸದಿ, ಸಮಾಜಭವನ ಹಾಗೂ ಸದಸ್ಯರ ಅಂಗಡಿಯ ಮುಂಭಾಗವನ್ನು ಅಳೆದು, ಹೊರಚಾಚಿದುದನ್ನು ನೋಟಿಸು ಬರುವ ಮೊದಲೇ ತೆಗೆಯುವುದು. ಎರಡನೆಯದು, ಪರ್ಯುಷಣ ಹಾಗೂ ಚಾತುರ್ಮಾಸದ ಚಪ್ಪರಗಳನ್ನು ಸ್ವಂತ ಆವರಣದಲ್ಲಿ ಅಥವಾ ಬಾಡಿಗೆಯ ಸಭಾಗೃಹದಲ್ಲಿ ನಡೆಸುವುದು. ಮೂರನೆಯದು, ವಾರ್ಡಿನ ಕಾಲುದಾರಿಗಳ ಅಗಲ, ಗುತ್ತಿಗೆಯ ಮೊತ್ತ ಮತ್ತು ವ್ಯಾಪಾರ ವಲಯಗಳ ವಿವರವನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಕೇಳಿ, ಮತ ಯಾಚಿಸಲು ಬರುವವರ ಮುಂದಿಡುವುದು.

ಈ ಅನುಕ್ರಮವೂ ಮುಖ್ಯ. ತನ್ನ ಮೆಟ್ಟಿಲನ್ನು ಹಿಂದಕ್ಕೆ ಸರಿಸಿದ ಸಮಾಜಕ್ಕೆ ಪಾಲಿಕೆಯ ಬಾಗಿಲಲ್ಲಿ ನಿಂತು ಲೆಕ್ಕ ಕೇಳುವ ಅಧಿಕಾರವಿರುತ್ತದೆ. ಮೆಟ್ಟಿಲನ್ನು ಉಳಿಸಿಕೊಂಡು ಬುಟ್ಟಿಯವಳ ಮೇಲೆ ದೂರು ಬರೆಯುವ ಸಮಾಜಕ್ಕೆ ಆ ಅಧಿಕಾರವಿಲ್ಲ.