ಪಗಾರ ಯಾರ ಖಾತೆಗೆ?

(ಗುರುಗ್ರಾಮದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಉದ್ಯೋಗ ವಿಹಾರದ ಬಟ್ಟೆ ಕಾರಖಾನೆಗಳಲ್ಲಿ ನಮ್ಮ ಹೆಣ್ಣುಮಕ್ಕಳೂ ದುಡಿಯುತ್ತಾರೆ. ಅವರ ಪಗಾರ ಯಾರ ಖಾತೆಗೆ ಬೀಳುತ್ತದೆ? ಮುಂದಿನ ಸಾಲಿನ ಕೆಲವರು ತಲೆ ತಗ್ಗಿಸಿದಿರಿ, ಇರಲಿ.

ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆ ನಾಲ್ವರು ಸಂಗಡಿಗರೊಡನೆ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಹೆಂಗಸರ ಉದ್ಯೋಗ ಖಾತರಿ ಕೂಲಿ ಮನೆಯ ಯಜಮಾನನ ಖಾತೆ ಸೇರುತ್ತಿತ್ತು. ಕೆಲವು ಊರುಗಳಲ್ಲಿ ಹೆಂಗಸರಿಗೆ ಬರೀ ಖಾತೆ ತೆರೆಸಿದರು. ಬೇರೆ ಕೆಲವೆಡೆ ಕೂಲಿಯನ್ನು ನೇರವಾಗಿ ಅದಕ್ಕೇ ಹಾಕಿಸಿ, ಬ್ಯಾಂಕಿನ ವ್ಯವಹಾರವನ್ನೂ ಕಲಿಸಿದರು. ಈ ಎರಡನೆಯವರು ಹೆಚ್ಚು ದುಡಿಯತೊಡಗಿದರು; ಸರಕಾರಿ ಕೆಲಸದಲ್ಲಷ್ಟೇ ಅಲ್ಲ, ಹೊರಗೂ. ಅದೂ ಯಾರು? ಹೆಂಡತಿ ದುಡಿಯುವುದು ಬೇಡವೆನ್ನುವ ಗಂಡಂದಿರ ಮನೆಯವರೇ ಹೆಚ್ಚು!

ಅಂದರೆ ಖಾತೆ ತೆರೆದರೆ ಮುಗಿಯಲಿಲ್ಲ. ಕಾರ್ಡು ಗಂಡನ ಜೇಬಿನಲ್ಲಿದ್ದರೆ ಖಾತೆಯೂ ಗಂಡನದೇ.

ಊರಿನಲ್ಲಿ 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂತು. ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಎಂದು ಗೊತ್ತಾಯಿತು. ಅದನ್ನು ನೀವೂ ಒಪ್ಪಿದಿರಿ. ಸರಕಾರದ ಹಣ ಆಕೆಯ ಖಾತೆಗಾದರೆ, ಆಕೆಯ ಬೆವರಿನ ಹಣ ನಿಮ್ಮ ಖಾತೆಗೇಕೆ?

ಜನಧನ ಖಾತೆಗೆ ಕನಿಷ್ಠ ಠೇವಣಿ ಬೇಡ. ಭಾನುವಾರ ಸಹೋದರಿಯರು ಆಧಾರ್ ಹಿಡಿದು ಬನ್ನಿ, ಅರ್ಜಿ ತುಂಬಿಕೊಡುತ್ತೇವೆ. ಕಾರ್ಡಿನ ಗುಟ್ಟಿನ ಸಂಖ್ಯೆ ನಿಮ್ಮಲ್ಲೇ ಇರಲಿ.